ಟೈಪ್ ಬದಲಿಸುವ ನಾಲ್ಕು ಬಗೆ: ಟೆರಾ, ಮೆಗಾ, ಲಿಬೆರೊ, ಕ್ಯಾಸೆಟ್ ಆಡಿ ನೋಡಿದ ಮೇಲೆ

ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಲ್ಯಾಮಿಂಗ್ಟನ್ ರಸ್ತೆಯ ಕಡೆಗೆ ನಡೆದರೆ ಸಿಗುವ ಸಾಲು ಅಂಗಡಿಗಳಲ್ಲೊಂದರಲ್ಲಿ ನಾನು, ಪ್ರಾಣಿಗಳನ್ನು ಹಿಡಿದು ಪಳಗಿಸಿ ಕಾದಾಡಿಸುವ ‘ಪೋಕೆಮಾನ್ ಸ್ಕಾರ್ಲೆಟ್’ ಎಂಬ ವಿಡಿಯೋ ಆಟದ ಸೆಕೆಂಡ್ ಹ್ಯಾಂಡ್ ಕಾರ್ಟ್ರಿಡ್ಜಿಗೆ 3,200 ರೂಪಾಯಿ ಕೊಟ್ಟೆ. ಅದರಲ್ಲಿ 500 ರೂಪಾಯಿ ಕಾರ್ಟ್ರಿಡ್ಜಿನ ಬೆಲೆಯಲ್ಲ, ನನ್ನ ತಿಳಿಗೇಡಿತನದ ಬೆಲೆ. ಹಿಂದಿನ ಮಾಲೀಕರು ಆಟವನ್ನು ಪೂರ್ತಿ ಮುಗಿಸಿದ್ದಾರೆ, ಬಲಿತ ತಂಡ ಒಳಗೇ ಇದೆ, ಹಾಗಾಗಿ 500 ಹೆಚ್ಚು ಎಂದು ಅಂಗಡಿಯವರು ಹೇಳಿದಾಗ ನಾನು ತಲೆಯಾಡಿಸಿದ್ದಕ್ಕೆ ಕಾರಣವೂ ಇತ್ತು. ಅದಕ್ಕೂ ಮೊದಲು 3ಡಿಎಸ್ ಎಂಬ ಹಳೆಯ ಆಟದ ಯಂತ್ರವೊಂದರ ಜೊತೆ ಕೊಂಡಿದ್ದ ‘ಪೋಕೆಮಾನ್ ಎಕ್ಸ್’ ಕಾರ್ಟ್ರಿಡ್ಜಿನಲ್ಲಿ ಯಾರೋ ಅಪರಿಚಿತರು ನೂರಾರು ಗಂಟೆ ಬೆವರು ಸುರಿಸಿ ಕಟ್ಟಿದ ತಂಡ ನನಗೆ ಪುಕ್ಕಟೆಯಾಗಿ ಸಿಕ್ಕಿತ್ತು. 3ಡಿಎಸ್ ಆಟಗಳಲ್ಲಿ ಉಳಿಸಿದ ಆಟ ಕಾರ್ಟ್ರಿಡ್ಜಿನಲ್ಲೇ ಇರುತ್ತದೆ. ಸ್ಕಾರ್ಲೆಟ್ ಆಡುವ ಸ್ವಿಚ್ ಎಂಬ ಯಂತ್ರದಲ್ಲಾದರೆ ಅದು ಯಂತ್ರದ ಸ್ಮೃತಿಯಲ್ಲಿ ಇರುತ್ತದೆ. ಈ ವ್ಯತ್ಯಾಸ ನನಗೆ ತಿಳಿದದ್ದು ಡೊಂಬಿವಲಿಯ ಮನೆಯಲ್ಲಿ ಆಟ ತೆರೆದು, ನಿಮ್ಮ ಹೆಸರೇನು ಎಂದು ಅದು ಮೊದಲಿನಿಂದ ಕೇಳಿದಾಗ.

ಹೀಗೆ ಬರಿಗೈಯಲ್ಲಿ ಆರಂಭವಾದರೂ, ಕಾಳಗದಲ್ಲಿ ಪ್ರಾಣಿಯ ಟೈಪನ್ನು, ಅಂದರೆ ಫೈರ್, ವಾಟರ್, ಸ್ಟೀಲ್ ಮುಂತಾದ ಅದರ ಜಾತಿಯನ್ನು, ಬದಲಿಸುವ ನಾಲ್ಕು ಪದ್ಧತಿಗಳನ್ನು ಆಡಿ ನೋಡಿದ್ದರಲ್ಲಿ ನನಗೆ ಮೆಚ್ಚುಗೆಯಾದದ್ದು ಸ್ಕಾರ್ಲೆಟ್‌ನ ಟೆರಾ ಪದ್ಧತಿಯೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅದನ್ನೇ ಹೆಚ್ಚು ಬೈಯಲಿದ್ದೇನೆ. ಹೋಲಿಕೆಗೆ ತೆಗೆದುಕೊಂಡ ಉಳಿದ ಮೂರು ಎಂದರೆ, ಎಕ್ಸ್‌ನಲ್ಲಿ ಬರುವ ಮೆಗಾ ವಿಕಾಸ, ‘ಸ್ವೋರ್ಡ್’ ಆಟದಲ್ಲಿ ಸಿಂಡರೇಸ್‌ಗೆ ಇರುವ ಲಿಬೆರೊ ಎಂಬ ಗುಣ, ಮತ್ತು ಪೋಕೆಮಾನ್ ಅಲ್ಲದ ‘ಕ್ಯಾಸೆಟ್ ಬೀಸ್ಟ್ಸ್’. ಚಿತ್ರ ಎಷ್ಟು ಚೆನ್ನಾಗಿದೆ, ಯಾವುದರಲ್ಲಿ ಎಷ್ಟು ಪ್ರಾಣಿಗಳಿವೆ ಎಂಬುದೆಲ್ಲ ಎಲ್ಲೆಡೆ ಸಿಗುವ ಸಂಗತಿಯಾದ್ದರಿಂದ ಅದನ್ನು ಬಿಟ್ಟಿದ್ದೇನೆ. ನಾನು ನೋಡಿದ್ದು ಒಂದೇ ವಿಷಯ: ಕಾಳಗದ ನಡುವೆ ಟೈಪ್ ಬದಲಾಗುವುದರಿಂದ ನನ್ನ ಮತ್ತು ಎದುರಾಳಿಯ ಲೆಕ್ಕಾಚಾರ ಹೇಗೆ ಬದಲಾಗುತ್ತದೆ. ಎದುರಾಳಿ ಎಂದರೆ ಮಾಟುಂಗಾದಲ್ಲಿರುವ ನನ್ನ ತಂಗಿಯ ಮಗ. ಹತ್ತನೆಯ ತರಗತಿಯ ಹುಡುಗ, ಭಾನುವಾರ ಊಟವಾದ ಮೇಲೆ ನನ್ನನ್ನು ಸೋಲಿಸುವುದು ಅವನ ವಾರದ ಕಾರ್ಯಕ್ರಮ.

ಹೊಸಬರಿಗಾಗಿ ಇಷ್ಟು ಹೇಳಬೇಕು. ಪೋಕೆಮಾನ್‌ನಲ್ಲಿ ಈಗ ಸಾಮಾನ್ಯವಾಗಿ ಎಣಿಸುವ 18 ಟೈಪ್‌ಗಳಿವೆ. ಒಂದು ಪ್ರಾಣಿಗೆ ಒಂದು ಅಥವಾ ಎರಡು ಟೈಪ್ ಇರುತ್ತದೆ. ಯಾವ ಪೆಟ್ಟು ಇಮ್ಮಡಿಯಾಗುತ್ತದೆ, ಯಾವುದು ಅರ್ಧವಾಗುತ್ತದೆ, ಯಾವುದು ತಾಗುವುದೇ ಇಲ್ಲ ಎಂಬುದು ಅದರ ಮೇಲೆ ನಿಂತಿದೆ. ಪ್ರಾಣಿ ತನ್ನದೇ ಟೈಪಿನ ಪಟ್ಟು, ಅಂದರೆ ಕಾಳಗದ ವರಸೆ, ಹಾಕಿದರೆ ಪೆಟ್ಟಿನ ಬಲ ಒಂದೂವರೆಯಷ್ಟಾಗುತ್ತದೆ. ಹಾಗಾಗಿ ಟೈಪ್ ಬದಲಾದರೆ ಕವಚವೂ ಕತ್ತಿಯೂ ಒಟ್ಟಿಗೆ ಬದಲಾದಂತೆ. ಈ ಉಪಾಯ ಹೊಸದೇನಲ್ಲ. 1996ರ ಮೊದಲ ಆಟದಲ್ಲೇ ಪೋರಿಗಾನ್‌ಗೆ ಕನ್ವರ್ಷನ್ ಎಂಬ ಪಟ್ಟು ಇತ್ತು; 2002ರಲ್ಲಿ ಬಂದ ಕೆಕ್ಲಿಯಾನ್ ಗೋಸುಂಬೆಯಂತೆ ಪೆಟ್ಟು ತಿಂದ ಟೈಪಿಗೇ ತಿರುಗುತ್ತಿತ್ತು. ಆದರೆ ಅವೆಲ್ಲ ಒಂದೆರಡು ಪ್ರಾಣಿಗಳ ಗಾರುಡಿಯಾಗಿದ್ದವೇ ಹೊರತು ಇಡೀ ಕಾಳಗವನ್ನು ಅದರ ಸುತ್ತ ಕಟ್ಟುವಂತಿರಲಿಲ್ಲ.

2022ರ ನವೆಂಬರ್ 18ರಂದು ಬಂದ ಸ್ಕಾರ್ಲೆಟ್ ಮತ್ತು ವಯೊಲೆಟ್ ಮಾಡಿದ್ದು ಅದನ್ನೇ. ತಂಡದ ಪ್ರತಿಯೊಂದು ಪೋಕೆಮಾನ್‌ಗೂ ಹುಟ್ಟಿನ ಟೈಪಿನ ಜೊತೆ ಒಂದು ಟೆರಾ ಟೈಪ್ ಇರುತ್ತದೆ. ಒಂದು ಕಾಳಗದಲ್ಲಿ ಒಮ್ಮೆ, ಒಂದೇ ಒಂದು ಪ್ರಾಣಿಯನ್ನು ಆ ಟೈಪಿಗೆ ತಿರುಗಿಸಬಹುದು. ತಿರುಗಿದ ಮೇಲೆ ಅದನ್ನು ಹಿಂದಕ್ಕೆ ಕರೆದರೂ ಮೂಲ ರೂಪಕ್ಕೆ ಬರುವುದಿಲ್ಲ. ಬಿದ್ದರೆ ಅಥವಾ ಕಾಳಗ ಮುಗಿದರೆ ಮಾತ್ರ ಅದರ ಅಂತ್ಯ. ರಕ್ಷಣೆಯಲ್ಲಿ ಹಳೆಯ ಟೈಪ್‌ಗಳು ಅಳಿಸಿಹೋಗುತ್ತವೆ, ಆದರೆ ದಾಳಿಯಲ್ಲಿ ಹಳೆಯ ಟೈಪ್‌ಗಳ ಒಂದೂವರೆ ಪಟ್ಟು ಲಾಭ ಉಳಿಯುತ್ತದೆ. ಹುಟ್ಟಿನ ಟೈಪಿಗೇ ಟೆರಾ ಆದರೆ ಆ ಲಾಭ ಎರಡು ಪಟ್ಟಿಗೆ ಏರುತ್ತದೆ. ಹೇಳಲು ಇಷ್ಟೇ, ಆಡುವಾಗ ಇದರ ಒಳಸುಳಿ ತಿಳಿಯಲು ನನಗೆ ಒಂದು ಭಾನುವಾರ ಬೇಕಾಯಿತು.

ಅಂದು ನನ್ನ ಡ್ರಾಗೊನೈಟ್ ಕಣದಲ್ಲಿತ್ತು. ಡ್ರ್ಯಾಗನ್ ಮತ್ತು ಫ್ಲೈಯಿಂಗ್ ಎರಡೂ ಆಗಿರುವ ಅದಕ್ಕೆ ಐಸ್ ಪೆಟ್ಟು ನಾಲ್ಕು ಪಟ್ಟು ತಾಗುತ್ತದೆ. ಅಳಿಯ ತನ್ನ ಬ್ಯಾಕ್ಸ್‌ಕ್ಯಾಲಿಬರ್ ಅನ್ನು ಇಳಿಸಿದ. ಅದು ಡ್ರ್ಯಾಗನ್ ಮತ್ತು ಐಸ್. ನಾನು ಹಿಂದೆಮುಂದೆ ನೋಡದೆ ಡ್ರಾಗೊನೈಟ್‌ಗೆ ಸ್ಟೀಲ್ ಟೆರಾ ಹಾಕಿ, ಅದೇ ಸರದಿಯಲ್ಲಿ ಬಲವನ್ನೂ ವೇಗವನ್ನೂ ಏರಿಸುವ ಡ್ರ್ಯಾಗನ್ ಡ್ಯಾನ್ಸ್ ಮಾಡಿಸಿದೆ. ಅವನ ಐಸಿಕಲ್ ಕ್ರ್ಯಾಶ್ ಉಕ್ಕಿನ ಮೇಲೆ ಬಿದ್ದ ಆಲಿಕಲ್ಲಿನಂತೆ ಸಿಡಿದು ಹೋಯಿತು. ಮುಂದಿನ ಸರದಿಯಲ್ಲಿ ನನ್ನ ಐರನ್ ಹೆಡ್‌ನ ಒಂದೇ ಏಟಿಗೆ ಬ್ಯಾಕ್ಸ್‌ಕ್ಯಾಲಿಬರ್ ನೆಲಕಚ್ಚಿತು. ತಂಗಿ ಕಾಫಿ ತಂದಿಟ್ಟಾಗ ನಾನು ಗೆದ್ದವನ ಮುಖದಲ್ಲೇ ಲೋಟ ಎತ್ತಿಕೊಂಡಿದ್ದೆ. ಹುಡುಗ ಮಾತಿಲ್ಲದೆ ಗಾರ್ಚಾಂಪ್ ಅನ್ನು ಇಳಿಸಿದ. ವೇಗ ನನ್ನ ಕಡೆ ಇತ್ತು. ಡ್ರ್ಯಾಗನ್ ಕ್ಲಾ ಹೊಡೆದೆ. ಗಾರ್ಚಾಂಪ್ ತಾನು ಹಿಡಿದಿದ್ದ, ಒಂದೇ ಏಟಿಗೆ ಬೀಳದಂತೆ ಕಾಯುವ ಫೋಕಸ್ ಸ್ಯಾಷ್ ಎಂಬ ವಸ್ತುವಿನಿಂದಾಗಿ ಒಂದೇ ಒಂದು ಅಂಶ ಜೀವ ಉಳಿಸಿಕೊಂಡು, ತಿರುಗಿ ಅರ್ತ್‌ಕ್ವೇಕ್ ಎಂಬ ಗ್ರೌಂಡ್ ಪಟ್ಟು ಹಾಕಿತು. ಹಾರುವ ಪ್ರಾಣಿಗೆ ಭೂಕಂಪ ತಾಗುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತಿರುವ ನಿಯಮ. ಪರದೆಯ ಮೇಲೆ ನನ್ನ ಡ್ರಾಗೊನೈಟ್ ತಲೆಯ ಮೇಲೆ ಹರಳಿನ ಕಿರೀಟ ಹೊತ್ತು ಇನ್ನೂ ರೆಕ್ಕೆ ಬಡಿಯುತ್ತಲೇ ಇತ್ತು. ಆದರೆ ಲೆಕ್ಕದಲ್ಲಿ ಅದು ಹಾರುವ ಪ್ರಾಣಿಯಾಗಿ ಉಳಿದಿರಲಿಲ್ಲ, ಬರೀ ಸ್ಟೀಲ್ ಆಗಿತ್ತು, ಮತ್ತು ಸ್ಟೀಲ್‌ಗೆ ಗ್ರೌಂಡ್ ಪೆಟ್ಟು ಇಮ್ಮಡಿ.

“ಮಾಮಾ, ಕವಚ ಹಾಕ್ಕೊಳ್ಳೋ ಗಡಿಬಿಡೀಲಿ ರೆಕ್ಕೆ ಕಳಚಿಟ್ರಿ ನೀವು,” ಎಂದ ಹುಡುಗ. ಅವನ ಟೆರಾ ಇನ್ನೂ ಬಳಕೆಯಾಗದೆ ಅವನ ಕೈಯಲ್ಲೇ ಇತ್ತು. ಮುಂದಿನ ಐದು ನಿಮಿಷ ನಾನು ಏನು ಮಾಡಿದರೂ, ಅವನು ಯಾವಾಗ, ಯಾವುದನ್ನು, ಯಾವುದಕ್ಕೆ ತಿರುಗಿಸುತ್ತಾನೆ ಎಂಬ ಅಂಜಿಕೆಯಲ್ಲೇ ಮಾಡಿದೆ. ಅವನು ಅದನ್ನು ಬಳಸಿದ್ದು ಕೊನೆಗೆ, ಮಿಸ್ಮೇಜಿಯಸ್ ಎಂಬ ಗೋಸ್ಟ್ ಪ್ರಾಣಿಯ ಮೇಲೆ. ಅದಕ್ಕೆ ಲೆವಿಟೇಟ್ ಗುಣವಿರುವುದರಿಂದ ಗ್ರೌಂಡ್ ಪೆಟ್ಟು ತಾಗುವುದಿಲ್ಲ. ಎಲೆಕ್ಟ್ರಿಕ್ ಟೈಪಿಗೆ ಇರುವ ಒಂದೇ ದೌರ್ಬಲ್ಯ ಗ್ರೌಂಡ್. ಎಲೆಕ್ಟ್ರಿಕ್ ಟೆರಾ ಆದ ಮಿಸ್ಮೇಜಿಯಸ್‌ಗೆ ಹಾಗಾಗಿ, ಲೆವಿಟೇಟ್ ಅನ್ನು ಮುರಿಯುವ ಮೋಲ್ಡ್ ಬ್ರೇಕರ್‌ನಂಥ ಗುಣ ಎದುರಿಗಿಲ್ಲದಿದ್ದರೆ, ದೌರ್ಬಲ್ಯವೇ ಇಲ್ಲ. ನನ್ನಲ್ಲಿ ಮೋಲ್ಡ್ ಬ್ರೇಕರ್ ಇರಲಿಲ್ಲ.

ನಮ್ಮೂರ ಕಡೆ ಇಪ್ಪತ್ತೆಂಟು ಎಂಬ ಇಸ್ಪೀಟಾಟವಿದೆ. ಹರಾಜು ಗೆದ್ದವನು ತುರುಪಿನ ಎಲೆಯೊಂದನ್ನು ಮುಚ್ಚಿ ಮುಂದಿಟ್ಟುಕೊಳ್ಳುತ್ತಾನೆ. ಅದು ತೆರೆಯುವ ತನಕ ಉಳಿದವರೆಲ್ಲ ಅದು ಯಾವ ಜಾತಿಯಿರಬಹುದು ಎಂದು ಊಹಿಸುತ್ತಲೇ ಎಲೆ ಇಳಿಸುತ್ತಾರೆ. ಟೆರಾ ನನಗೆ ಹಿಡಿಸಿದ್ದು ಈ ಕಾರಣಕ್ಕೆ. ಅದರ ಬಲವೆಲ್ಲ ತೆರೆಯುವ ಮೊದಲೇ ಇರುವುದು. ತೆರೆದ ಮೇಲೆ ಅದು ಇನ್ನೊಂದು ಪ್ರಾಣಿ, ಇನ್ನೊಂದು ಟೈಪ್, ಅಷ್ಟೆ. ಸ್ಕಾರ್ಲೆಟ್ ಆಡುವ ಅಧಿಕೃತ ಪಂದ್ಯಾವಳಿಗಳಲ್ಲಿ ಎದುರಾಳಿಗೆ ಕೊಡುವ ತಂಡದ ಪಟ್ಟಿಯಲ್ಲಿ ಪ್ರತಿ ಪ್ರಾಣಿಯ ಟೆರಾ ಟೈಪನ್ನೂ ಬರೆದಿರುತ್ತಾರೆ, ಅಂದರೆ ತುರುಪಿನ ಜಾತಿ ಮುಚ್ಚಿರುವುದಿಲ್ಲ. ಹಾಗಿದ್ದೂ ಅಲ್ಲಿಯ ಆಟದ ಬಿಗಿ ಸಡಿಲವಾಗುವುದಿಲ್ಲ, ಏಕೆಂದರೆ ಯಾವ ಪ್ರಾಣಿಗೆ, ಯಾವ ಸರದಿಯಲ್ಲಿ ಎಂಬ ಎರಡು ಗುಟ್ಟು ಆಡುವವನಲ್ಲೇ ಉಳಿದಿರುತ್ತವೆ. ಟೆರಾ ಮಾಡುವುದಿಲ್ಲ ಎಂಬುದೂ ಒಂದು ನಡೆಯಾಗಿರುತ್ತದೆ. ಎದುರಾಳಿ ಐಸ್ ಪಟ್ಟು ಹಾಕಲೆಂದು ಕಾಯುವುದೇ, ಅವನು ನಾನು ಸ್ಟೀಲ್ ಆಗುವೆನೆಂದು ಊಹಿಸಿ ಅರ್ತ್‌ಕ್ವೇಕ್ ಹಾಕುವನೆಂದು ನಂಬಿ ಹಾರುವ ಟೈಪಿನಲ್ಲೇ ಉಳಿಯುವುದೇ? ಡ್ರಾಗೊನೈಟ್‌ನಂಥ ಒಂದೇ ಪ್ರಾಣಿಯ ಸುತ್ತ ಇಂಥ ನಾಲ್ಕಾರು ಕವಲುಗಳು ಒಡೆಯುತ್ತವೆ.

ಇನ್ನು ಬೈಗುಳ. ಟೆರಾ ಟೈಪ್ ಬದಲಿಸಬೇಕಾದರೆ ಆಟದೊಳಗಿನ ಮೆಡಾಲಿ ಎಂಬ ಊರಿನ ಹೋಟೆಲಿಗೆ ಹೋಗಿ, ಅಲ್ಲಿಯ ಅಡುಗೆಯವರಿಗೆ ಬೇಕಾದ ಟೈಪಿನ ಟೆರಾ ತುಣುಕುಗಳನ್ನು ಕೊಡಬೇಕು. ಎಷ್ಟು? 50. ಒಂದು ಪ್ರಾಣಿಗೆ, ಒಂದು ಬದಲಾವಣೆಗೆ, ಒಂದೇ ಟೈಪಿನ 50 ತುಣುಕು. ಕಾಡಿನಲ್ಲಿ ಹಿಡಿಯುವ ಪ್ರಾಣಿಗಳ ಟೆರಾ ಟೈಪ್ ಬಹುತೇಕ ಅವುಗಳ ಹುಟ್ಟಿನ ಟೈಪೇ ಆಗಿರುವುದರಿಂದ, ನಾನು ಮೇಲೆ ವಿವರಿಸಿದ ತಂತ್ರಗಳೆಲ್ಲ ಈ 50ರ ಸುಂಕದಕಟ್ಟೆಯನ್ನು ದಾಟಿದ ಮೇಲೆಯೇ ದಕ್ಕುವುದು.

ತುಣುಕುಗಳು ಮುಖ್ಯವಾಗಿ ಸಿಗುವುದು ಟೆರಾ ರೇಡ್‌ಗಳಲ್ಲಿ. ಭೂಪಟದಲ್ಲಿ ಅಲ್ಲಲ್ಲಿ ಹರಳುಗಳು ಹೊಳೆಯುತ್ತವೆ, ಪ್ರತಿಯೊಂದಕ್ಕೂ ಅದರ ಟೈಪಿನ ಗುರುತಿರುತ್ತದೆ, ನಾಲ್ವರು ಸೇರಿ ಒಳಗಿನ ಪ್ರಾಣಿಯನ್ನು ಮಣಿಸಬೇಕು. ಗೆದ್ದರೆ ಆ ಟೈಪಿನ ಕೆಲವು ತುಣುಕು ಬಹುಮಾನದ ಪಟ್ಟಿಯಲ್ಲಿ ಸೇರಿರುತ್ತವೆ. ನಾನು ಆಡುವುದು ಸಿಎಸ್‌ಎಂಟಿ ನಿಲ್ದಾಣದಿಂದ ಡೊಂಬಿವಲಿಗೆ ಹೋಗುವ ಲೋಕಲ್ ರೈಲಿನಲ್ಲಿ. ಅಲ್ಲಿ ಆನ್‌ಲೈನ್ ಎಂಬುದು ಇದ್ದರೂ ಇಲ್ಲದಂತೆಯೇ, ಆದ್ದರಿಂದ ಉಳಿದ ಮೂವರ ಜಾಗದಲ್ಲಿ ಆಟವೇ ಮೂರು ಕಂಪ್ಯೂಟರ್ ಆಟಗಾರರನ್ನು ಕೊಡುತ್ತದೆ. ಅವರ ಯೋಗ್ಯತೆಯನ್ನು ಹೇಗೆ ಹೇಳುವುದು? ಮದುವೆ ಮನೆಯಲ್ಲಿ ಬಡಿಸಲೆಂದು ಟೊಂಕ ಕಟ್ಟಿ ನಿಂತು ಎಲೆ ತುಳಿದುಕೊಂಡು ಹೋಗುವವರ ಜಾತಿ. ರೇಡ್‌ಗೆ ಸಮಯದ ಮಿತಿಯಿದೆ, ಮತ್ತು ಇವರ ಪ್ರಾಣಿಗಳು ಬೀಳುತ್ತಲೇ ಇರುತ್ತವೆ. ಘಾಟ್‌ಕೋಪರ್‌ನಲ್ಲಿ ಆರಂಭಿಸಿದ ರೇಡ್ ಮುಲುಂಡ್ ಬರುವಷ್ಟರಲ್ಲಿ ಇವರ ಕೃಪೆಯಿಂದ ಸೋತು, ಮತ್ತೆ ಆರಂಭಿಸಿ, ಠಾಣೆಯಲ್ಲಿ ಇಳಿಯುವವರ ನೂಕುನುಗ್ಗಲಿನಲ್ಲಿ ಕೈತಪ್ಪಿ ಬೇರೆ ಪಟ್ಟು ಒತ್ತಿ, ಕೊನೆಗೆ ಗೆದ್ದು ನಾಲ್ಕು ತುಣುಕು ಎಣಿಸಿಕೊಂಡ ಸಂಜೆಗಳು ನನಗೆ ಲೆಕ್ಕವಿಲ್ಲದಷ್ಟಿವೆ.

ಅದಕ್ಕಿಂತ ಕೆಟ್ಟದ್ದು ಬೇಕಾದ ಟೈಪ್ ಬೇಕಾದ ದಿನ ಸಿಗದಿರುವುದು. ಹರಳುಗಳು ದಿನ ಬದಲಾದಾಗ ಹೊಸದಾಗಿ ಹುಟ್ಟುತ್ತವೆ. ನನಗೆ ಸ್ಟೀಲ್ ಬೇಕಾಗಿದ್ದ ವಾರದಲ್ಲಿ ಪಾಲ್ಡಿಯಾ ಪ್ರಾಂತ್ಯದ ತುಂಬ ಬಗ್, ಗ್ರಾಸ್, ವಾಟರ್ ಹರಳುಗಳು ಹೊಳೆಯುತ್ತಿದ್ದವು. ಸ್ಟೀಲ್‌ನ ಒಂದೆರಡು ಹರಳು ಕಂಡದ್ದು ಬೆಟ್ಟದ ತುದಿಯಲ್ಲಿ, ನನ್ನ ವಾಹನಪ್ರಾಣಿಗೆ ಇನ್ನೂ ಬೆಟ್ಟ ಹತ್ತುವ ಕಲೆ ಬಂದಿರದ ಹೊತ್ತಿನಲ್ಲಿ.

ಈ 50ರ ಅಂಕಿಯನ್ನು ಬರೀ ಬೇಸರದ ಕೆಲಸವೆಂದು ತಳ್ಳಿಹಾಕಲಾಗದು, ಏಕೆಂದರೆ ಅದು ತಂತ್ರವನ್ನೇ ಬಾಗಿಸುತ್ತದೆ. ಅಂದು ಅರ್ತ್‌ಕ್ವೇಕ್‌ಗೆ ಡ್ರಾಗೊನೈಟ್ ಉರುಳಿದ ಮೇಲೆ ನನಗೆ ಅರ್ಥವಾದದ್ದು, ಅದಕ್ಕೆ ಸ್ಟೀಲ್‌ಗಿಂತ ನಾರ್ಮಲ್ ಟೆರಾ ಒಳ್ಳೆಯದು ಎಂಬುದು. ನಾರ್ಮಲ್ ಆದರೆ ಐಸ್ ಮತ್ತು ಗ್ರೌಂಡ್ ಎರಡೂ ಸಾಧಾರಣ ಪೆಟ್ಟಾಗಿ ಇಳಿಯುತ್ತವೆ, ದೌರ್ಬಲ್ಯ ಫೈಟಿಂಗ್ ಒಂದೇ, ಮತ್ತು ಎಲ್ಲರಿಗಿಂತ ಮೊದಲು ಬೀಳುವ ಎಕ್ಸ್‌ಟ್ರೀಮ್ ಸ್ಪೀಡ್ ಎಂಬ ನಾರ್ಮಲ್ ಪಟ್ಟಿಗೆ ಒಂದೂವರೆ ಪಟ್ಟು ಬಲ ಬರುತ್ತದೆ. ಪಂದ್ಯಾವಳಿಗಳಲ್ಲಿ ಆಡುವವರು ಈ ಜೋಡಿಯನ್ನು ಮೊದಲೇ ಕಂಡುಕೊಂಡಿದ್ದರು. ಆದರೆ ನಾನು ಅದನ್ನು ಪರೀಕ್ಷಿಸಬೇಕಾದರೆ 50 ನಾರ್ಮಲ್ ತುಣುಕು ಬೇಕು. ಹಿಡಿಸದೆ ಸ್ಟೀಲ್‌ಗೆ ಮರಳಬೇಕೆಂದರೆ ಮತ್ತೆ 50 ಸ್ಟೀಲ್ ತುಣುಕು. ಹಿಂದೆ ಕೊಟ್ಟದ್ದು ಲೆಕ್ಕಕ್ಕಿಲ್ಲ. ಆರು ಪ್ರಾಣಿಗಳ ತಂಡಕ್ಕೆ ಒಮ್ಮೆ ಟೆರಾ ಹೊಂದಿಸಲು 300 ತುಣುಕು ಎಂದಾದಾಗ ಮನುಷ್ಯ ಪ್ರಯೋಗ ಮಾಡುವುದನ್ನು ಬಿಟ್ಟು, ಎಲ್ಲರೂ ಒಪ್ಪಿದ ಜೋಡಿಯನ್ನೇ ನಕಲು ಮಾಡುತ್ತಾನೆ. ನಾನೂ ಮಾಡಿದೆ. ಆಟ ಮುಂದಿಟ್ಟಿರುವ ಸ್ವಾತಂತ್ರ್ಯವನ್ನು ಆಟದ ಕಿರಾಣಿ ಲೆಕ್ಕವೇ ಕಸಿದುಕೊಳ್ಳುವುದು ನನಗೆ ಈಗಲೂ ನುಂಗಲಾರದ ತುತ್ತು. ಅಳಿಯನ ಬಳಿ 2023ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಗೋ ಡಿಸ್ಕ್’ ಎಂಬ ಹೆಚ್ಚುವರಿ ಭಾಗವಿದೆ. ಅದರಲ್ಲಿರುವ ಐಟಂ ಪ್ರಿಂಟರ್ ಎಂಬ ಯಂತ್ರಕ್ಕೆ ಕಾಡಿನಲ್ಲಿ ಗಳಿಸಿದ ಸಾಮಗ್ರಿ ತುಂಬಿದರೆ ಟೆರಾ ತುಣುಕುಗಳನ್ನೂ ಉದುರಿಸುತ್ತದೆ. “ತಗೊಂಡ್ಬಿಡಿ ಮಾಮಾ, ನಿಮ್ ವಯಸ್ಸಿಗೆ ರೇಡ್ ಸುಸ್ತಾಗತ್ತೆ” ಎಂಬುದು ಅವನ ಸಲಹೆ. ಕಾರ್ಟ್ರಿಡ್ಜಿಗೆ ಕೊಟ್ಟ ದುಡ್ಡಿನ ಮೇಲೆ ಹೆಚ್ಚುಕಡಿಮೆ ಅಷ್ಟೇ ದುಡ್ಡನ್ನು ಮತ್ತೆ ಸುರಿಯಲು ನನ್ನ ಮನಸ್ಸು ಒಪ್ಪಿಲ್ಲ.

ಮೆಗಾ ವಿಕಾಸದ ಎದುರು ಇಟ್ಟು ನೋಡಿದಾಗ ಈ ಸುಂಕವೂ ಹಗುರವೆನಿಸುತ್ತದೆ. 2013ರ ಅಕ್ಟೋಬರ್‌ನಲ್ಲಿ ಎಕ್ಸ್ ಮತ್ತು ವೈ ಜೊತೆ ಬಂದ ಈ ಪದ್ಧತಿಯಲ್ಲೂ ಕಾಳಗಕ್ಕೊಮ್ಮೆ ಒಂದು ಪ್ರಾಣಿ ಮಾತ್ರ ರೂಪ ಬದಲಿಸುತ್ತದೆ. ವ್ಯತ್ಯಾಸವೆಂದರೆ, ಯಾವ ಪ್ರಾಣಿ ಎಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ, ಏಕೆಂದರೆ ಅದು ಮೆಗಾ ಕಲ್ಲನ್ನು ಹಿಡಿದುಕೊಂಡಿರಬೇಕು, ಬೇರೆ ವಸ್ತು ಹಿಡಿಯುವಂತಿಲ್ಲ. ಯಾವ ಟೈಪಿಗೆ ಎಂಬುದನ್ನು ಆಟ ತಯಾರಿಸಿದವರೇ ನಿಗದಿಪಡಿಸಿದ್ದಾರೆ. ಗ್ಯಾರಡಾಸ್ ಮೆಗಾ ಆದರೆ ವಾಟರ್ ಮತ್ತು ಫ್ಲೈಯಿಂಗ್ ಇದ್ದದ್ದು ವಾಟರ್ ಮತ್ತು ಡಾರ್ಕ್ ಆಗುತ್ತದೆ, ಇನ್ನೇನೂ ಆಗಲಾರದು. ಹಾಗೆಂದು ಇದರಲ್ಲಿ ತಂತ್ರವಿಲ್ಲವೆಂದಲ್ಲ. ಗ್ಯಾರಡಾಸ್ ಅನ್ನು ಫ್ಲೈಯಿಂಗ್ ಆಗಿಯೇ ಉಳಿಸಿ ಒಂದು ಅರ್ತ್‌ಕ್ವೇಕ್ ಅನ್ನು ವ್ಯರ್ಥ ಮಾಡಿಸಿ, ಮುಂದಿನ ಸರದಿಯಲ್ಲಿ ಮೆಗಾ ಮಾಡಿಸಿ ನಾಲ್ಕು ಪಟ್ಟು ತಾಗುತ್ತಿದ್ದ ಎಲೆಕ್ಟ್ರಿಕ್ ಪೆಟ್ಟನ್ನು ಎರಡು ಪಟ್ಟಿಗೆ ಇಳಿಸಿಕೊಂಡ ಸಂತೋಷ ನನಗೆ ಎಕ್ಸ್‌ನಲ್ಲೇ ಸಿಕ್ಕಿದ್ದು. ಚಾರಿಜಾರ್ಡ್ ಕೈಯಲ್ಲಿರುವುದು ಎಕ್ಸ್ ಕಲ್ಲೋ ವೈ ಕಲ್ಲೋ ಎಂಬ ಗುಟ್ಟಂತೂ ಟೆರಾದ ಅಜ್ಜನೇ ಸರಿ: ಎಕ್ಸ್ ಆದರೆ ಫೈರ್ ಮತ್ತು ಡ್ರ್ಯಾಗನ್, ವೈ ಆದರೆ ಮೊದಲಿನಂತೆಯೇ ಫೈರ್ ಮತ್ತು ಫ್ಲೈಯಿಂಗ್. ಆದರೆ ಎಕ್ಸ್ ಆಟದಲ್ಲಿ ಇಂಥ ಗುಟ್ಟು ಇರುವ ಪ್ರಾಣಿಗಳು ಎರಡೇ, ಚಾರಿಜಾರ್ಡ್ ಮತ್ತು ಮ್ಯೂಟೂ. ಉಳಿದವುಗಳು ಎದುರಾಳಿಯ ಕಣ್ಣೆದುರೇ ತೆರೆದಿಟ್ಟ ಎಲೆಗಳು.

ಮೆಗಾ ಕಲ್ಲುಗಳ ವಿಷಯದಲ್ಲಿ ಒಂದು ವಿಚಿತ್ರ ನಿಯಮವಿದೆ. ಕಥೆ ಮುಗಿದ ಮೇಲೆ ಬಾಕಿ ಕಲ್ಲುಗಳನ್ನು ಹುಡುಕಲು ಹೊರಟರೆ ಅವು ನೆಲದ ಮೇಲೆ ಮಿನುಗುವುದು ರಾತ್ರಿ 8ರಿಂದ 9ರ ತನಕ ಮಾತ್ರ, ಅದೂ ಯಂತ್ರದ ಗಡಿಯಾರದ ಪ್ರಕಾರ. ನನ್ನ ಜೀವನದಲ್ಲಿ ರಾತ್ರಿ 8ರಿಂದ 9 ಎಂದರೆ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ಎದೆಗೆ ಒತ್ತಿದ ಬ್ಯಾಗಿನ ಮೇಲೆ, ಕುರ್ಲಾ ಮತ್ತು ಭಾಂಡುಪ್ ನಡುವೆ ಎಲ್ಲೋ. ಎರಡು ಪರದೆಯ 3ಡಿಎಸ್ ತೆರೆಯಲು ಎರಡೂ ಕೈ ಬೇಕು. ಹಿಂದಿನ ಮಾಲೀಕರು ಯಾರೋ ಗೊತ್ತಿಲ್ಲ, ಅವರು ಆ ಹೊತ್ತಿಗೆ ಮನೆ ಸೇರುತ್ತಿದ್ದವರಿರಬೇಕು. ಅವರು ಹೆಕ್ಕಿಟ್ಟ ಕಲ್ಲುಗಳಿಂದಲೇ ನಾನು ಮೆಗಾ ಆಡಿದೆ, ಸ್ವಂತದ್ದು ಒಂದೂ ಇಲ್ಲ. 2024ರ ಏಪ್ರಿಲ್‌ನಲ್ಲಿ 3ಡಿಎಸ್‌ನ ಆನ್‌ಲೈನ್ ಸೇವೆಯೂ ನಿಂತಿರುವುದರಿಂದ ಎದುರಾಳಿ ಬೇಕೆಂದರೆ ಪಕ್ಕದಲ್ಲಿ ಇನ್ನೊಂದು 3ಡಿಎಸ್ ಹಿಡಿದು ಕೂರುವವರು ಬೇಕು. ಈಗ ಯಾರಿಗೂ ನಾನು ಇದನ್ನು ಕೊಳ್ಳಿರೆಂದು ಹೇಳುವುದಿಲ್ಲ.

ಲಿಬೆರೊ ಬೇರೆಯೇ ಜಾತಿಯದು. ಇಲ್ಲಿ ಗುಂಡಿ ಒತ್ತಿ ಟೈಪ್ ಬದಲಿಸುವ ಮಾತೇ ಇಲ್ಲ. ಸಿಂಡರೇಸ್ ಯಾವ ಟೈಪಿನ ಪಟ್ಟು ಹಾಕುತ್ತದೋ, ಹಾಕುವ ಕ್ಷಣಕ್ಕೆ ಮೊದಲು ತಾನೇ ಆ ಟೈಪ್ ಆಗುತ್ತದೆ. ಹೀಗಾಗಿ ಯಾವ ಪಟ್ಟು ಹಾಕಿದರೂ ಒಂದೂವರೆ ಪಟ್ಟು ಬಲ. ಎಕ್ಸ್ ಮತ್ತು ವೈ ತಲೆಮಾರಿನ ಗ್ರೆನಿಂಜಾ ಎಂಬ ಪ್ರಾಣಿಗೆ ಪ್ರೋಟಿಯನ್ ಎಂಬ ಹೆಸರಿನಲ್ಲಿ ಇದೇ ಗುಣವಿತ್ತು, ಮತ್ತು ಅಭಿಮಾನಿಗಳೇ ನಡೆಸುವ ಸ್ಮೋಗನ್ ಕೂಟವು ಆಗ ಅದನ್ನು ತನ್ನ ಮುಖ್ಯ ಶ್ರೇಣಿಯಿಂದ ಹೊರಹಾಕಿತ್ತು. ಅಳಿಯನ ಸ್ವೋರ್ಡ್ ಕಾರ್ಟ್ರಿಡ್ಜನ್ನು ಎರಡು ವಾರ ಸಾಲ ಪಡೆದು ನಾನು ಸಿಂಡರೇಸ್ ಆಡಿದೆ. ಅದರ ಅತ್ಯುತ್ತಮ ಕ್ಷಣ ಇಂತಿದೆ: ಎದುರಿಗೆ ಸೈಕಿಕ್ ಪಟ್ಟು ಹಾಕಲು ಸಿದ್ಧವಾದ ಪ್ರಾಣಿಯಿದೆ. ನಾನು ಸಕರ್ ಪಂಚ್ ಆರಿಸುತ್ತೇನೆ. ಅದು ಡಾರ್ಕ್ ಪಟ್ಟು, ಮತ್ತು ಎದುರಾಳಿ ದಾಳಿ ಆರಿಸಿದ್ದರೆ ಅವನಿಗಿಂತ ಮೊದಲೇ ಬೀಳುತ್ತದೆ. ಸಿಂಡರೇಸ್ ಡಾರ್ಕ್ ಆಗಿ ಗುದ್ದುತ್ತದೆ, ಪೆಟ್ಟು ತಿಂದೂ ಉಳಿದ ಎದುರಾಳಿ ತನ್ನ ಸೈಕಿಕ್ ಪಟ್ಟನ್ನು ಹಾಕುತ್ತದೆ, ಡಾರ್ಕ್ ಟೈಪಿಗೆ ಅದು ತಾಗುವುದೇ ಇಲ್ಲ. ಒಂದೇ ನಡೆಯಲ್ಲಿ ಹೊಡೆತವೂ ಆಯಿತು, ಗುರಾಣಿಯೂ ಆಯಿತು.

ನನ್ನ ತೊಡಕು ಏನೆಂದರೆ, ನಾನು ಪಟ್ಟನ್ನು ಆರಿಸುವುದು ಪೆಟ್ಟು ನೋಡಿ, ಕವಚ ನೋಡಿ ಅಲ್ಲ. ಹೈ ಜಂಪ್ ಕಿಕ್ ಹಾಕಿ ಸ್ಟೀಲ್ ಪ್ರಾಣಿಯನ್ನು ಕೆಡವುತ್ತೇನೆ, ಆ ಗುಂಗಿನಲ್ಲಿ ನಾನೀಗ ಫೈಟಿಂಗ್ ಟೈಪ್ ಎಂಬುದು ಮರೆತಿರುತ್ತದೆ, ಮುಂದೆ ಬಂದ ಫೇರಿ ನನ್ನನ್ನು ಮಡಚಿ ಇಡುತ್ತದೆ. ಇದರಲ್ಲಿ ಟೈಪ್ ಬದಲಾವಣೆ ಒಂದು ತೀರ್ಮಾನವಲ್ಲ, ಇನ್ನೊಂದು ತೀರ್ಮಾನದ ಬಾಲ. ಎದುರಾಳಿಗೂ ಅದು ಕಾಣುತ್ತದೆ: ಕೊನೆಗೆ ಹಾಕಿದ ಪಟ್ಟು ಯಾವುದೆಂದು ನೆನಪಿಟ್ಟರೆ ಸಾಕು, ನನ್ನ ಕವಚ ಅವನಿಗೆ ಗೊತ್ತು. ಸ್ಕಾರ್ಲೆಟ್‌ನಲ್ಲಿ ಲಿಬೆರೊ, ಪ್ರೋಟಿಯನ್ ಎರಡೂ ಗುಣಗಳನ್ನು ತಗ್ಗಿಸಿ, ಕಣಕ್ಕೆ ಇಳಿದಾಗಲೊಮ್ಮೆ ಒಂದು ಸಲ ಮಾತ್ರ ಎಂದು ಮಾಡಿದ್ದಾರೆ. ಹಲವರು ಇದನ್ನು ಅನ್ಯಾಯವೆಂದರು. ನನಗೆ ಅದು ಹೆಚ್ಚು ಹಿಡಿಸಿತು, ಏಕೆಂದರೆ ಈಗ ಮೊದಲ ಪಟ್ಟನ್ನು ಯೋಚಿಸಿ ಹಾಕಬೇಕು.

ಕ್ಯಾಸೆಟ್ ಬೀಸ್ಟ್ಸ್ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಬಿಟನ್ ಸ್ಟುಡಿಯೋ ಎಂಬ ಸಣ್ಣ ತಂಡ 2023ರ ಏಪ್ರಿಲ್‌ನಲ್ಲಿ ಹೊರತಂದ ಆಟ ಇದು. ಇದರಲ್ಲಿ 14 ಟೈಪ್‌ಗಳಿವೆ, ಮತ್ತು ಒಂದು ಟೈಪ್ ಇನ್ನೊಂದರ ಮೇಲೆ ಬಿದ್ದಾಗ ಪೆಟ್ಟು ಇಮ್ಮಡಿಯಾಗುವ ಬದಲು ಒಂದು ಪರಿಣಾಮ ಹುಟ್ಟುತ್ತದೆ, ರಸಾಯನ ಪ್ರಯೋಗದಂತೆ. ಅದರಲ್ಲೂ ಕೆಲವು ಜೋಡಿಗಳು ಪೆಟ್ಟು ತಿಂದವರ ಟೈಪನ್ನೇ ಬದಲಿಸುತ್ತವೆ. ಬೆಂಕಿ ತಾಗಿದ ಐಸ್ ಪ್ರಾಣಿ ಕರಗಿ ವಾಟರ್ ಆಗುತ್ತದೆ. ಬೆಂಕಿ ತಾಗಿದ ಪ್ಲಾಸ್ಟಿಕ್ ಪ್ರಾಣಿ ಸುಟ್ಟು ವಿಷವಾಗುತ್ತದೆ. ಮುಂಬೈಯಲ್ಲಿ ಕಸಕ್ಕೆ ಬೆಂಕಿ ಹಚ್ಚಿದ್ದನ್ನು ದಾಟಿ ನಡೆದವರಿಗೆ ಎರಡನೆಯದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಪೋಕೆಮಾನ್ ಅಭ್ಯಾಸದಲ್ಲಿ ಮೊದಲ ದಿನವೇ ನಾನು ಐಸ್ ಪ್ರಾಣಿಯೊಂದರ ಮೇಲೆ ಬೆಂಕಿ ಎಸೆದೆ. ಅದು ಕರಗಿ ನೀರಾಯಿತು. ಅದರ ಕೈಯಲ್ಲಿದ್ದ, ಸ್ವಂತ ಟೈಪಿಲ್ಲದ ಪಟ್ಟುಗಳು ಹಾಕುವವರ ಟೈಪನ್ನೇ ಪಡೆಯುವುದರಿಂದ ಅವೂ ನೀರಾದವು, ಮತ್ತು ಆ ನೀರು ಬಿದ್ದದ್ದು ನನ್ನ ಬೆಂಕಿಯ ಪ್ರಾಣಿಯ ಮೇಲೆ. ಎದುರಾಳಿಯ ಕೈಗೆ ನಾನೇ ಕೊಡ ತುಂಬಿಸಿ ಕೊಟ್ಟಂತಾಯಿತು. ಟೈಪ್ ಬದಲಾವಣೆ ಇಲ್ಲಿ ಎದುರಾಳಿಯ ಮೇಲೆ ಮಾಡುವ ಕೆಲಸ ಎಂಬುದು ಆಗ ಮನದಟ್ಟಾಯಿತು: ಮೊದಲ ಪೆಟ್ಟು ಅವನನ್ನು ಬೇಕಾದ ಟೈಪಿಗೆ ತಿರುಗಿಸಲು, ಎರಡನೆಯದು ಅದರ ಲಾಭ ಪಡೆಯಲು. ಜೊತೆಗಾರನೊಬ್ಬ ಸದಾ ಪಕ್ಕದಲ್ಲಿ ಆಡುವುದರಿಂದ ಇಬ್ಬರು ಸೇರಿ ಈ ಎರಡು ಹೆಜ್ಜೆಯನ್ನು ಒಂದೇ ಸರದಿಯಲ್ಲಿ ಮುಗಿಸಬಹುದು. ಯೋಚನೆಯ ಚೆಲುವಿನಲ್ಲಿ ಇದು ನಾಲ್ಕರಲ್ಲೂ ಮೇಲು ಎಂದು ಒಪ್ಪುತ್ತೇನೆ. ಆದರೆ ನಾನು ಅದನ್ನು ರಿಯಾಯಿತಿಯಲ್ಲಿ ಕೊಂಡದ್ದು ಲ್ಯಾಪ್‌ಟಾಪ್‌ಗೆ. ಲೋಕಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದರೆ ಪಕ್ಕದವರು ಶಪಿಸುತ್ತಾರೆ, ಮನೆಯಲ್ಲಿ ತೆರೆದರೆ ಕಚೇರಿಯ ಕೆಲಸ ಕಣ್ಣಿಗೆ ಬೀಳುತ್ತದೆ. ಅಳಿಯನ ಬಳಿ ಆ ಆಟವಿಲ್ಲ, ಕಂಪ್ಯೂಟರ್ ಎದುರಾಳಿಗೆ ಅಂಜಿಕೆಯೂ ಇಲ್ಲ, ಮುಚ್ಚಿಟ್ಟ ಎಲೆಯ ಪರಿವೆಯೂ ಇಲ್ಲ.

ಎದುರಾಳಿಯನ್ನು ಬದಲಿಸುವ ಪಟ್ಟುಗಳು ಪೋಕೆಮಾನ್‌ನಲ್ಲೂ ಇವೆ. ಸೋಕ್ ಎಂಬುದು ಎದುರಿನವನನ್ನು ವಾಟರ್ ಮಾಡುತ್ತದೆ. ಅದಕ್ಕೆ ಒಂದು ಸರದಿ ಖರ್ಚು, ಅವನು ಹಿಂದಕ್ಕೆ ಹೋಗಿ ಬಂದರೆ ಎಲ್ಲ ತೊಳೆದುಹೋಗುತ್ತದೆ. ಅರ್ಸಿಯಸ್ ಎಂಬ ಪ್ರಾಣಿ ಹಿಡಿದಿರುವ ಹಲಗೆಯನ್ನು ಬದಲಿಸಿದರೆ ಅದರ ಟೈಪ್ ಬದಲಾಗುತ್ತದೆ, ಒಂದೇ ಒಂದು ತುಣುಕಿನ ಖರ್ಚಿಲ್ಲದೆ; ಆದರೆ ಅದೂ ಮನೆಯಲ್ಲೇ ಮುಗಿಯುವ ತೀರ್ಮಾನ, ಕಣದಲ್ಲಿ ಅಲ್ಲ.

ದಿನಕ್ಕೆ ಎರಡೂವರೆ ಗಂಟೆ ರೈಲಿನಲ್ಲಿ ಕಳೆಯುವ, ವಾರಕ್ಕೊಮ್ಮೆ ಒಬ್ಬನೇ ಎದುರಾಳಿಯೊಂದಿಗೆ ಎದುರುಬದುರು ಕೂತು ಆಡುವ, ಒಂದು ಕಾರ್ಟ್ರಿಡ್ಜ್ ಕೊಂಡರೆ ವರ್ಷವಾದರೂ ಆಡಬೇಕೆನ್ನುವ ನನ್ನಂಥವನಿಗೆ ಸ್ಕಾರ್ಲೆಟ್ ಸಾಕು. ಗಂಟೆಗಟ್ಟಲೆ ಮನೆಯಲ್ಲಿ ಕೂತು ಒಬ್ಬರೇ ಆಡುವವರಾದರೆ ಕ್ಯಾಸೆಟ್ ಬೀಸ್ಟ್ಸ್ ಕೊಳ್ಳಲಿ, ಕಡಿಮೆ ದುಡ್ಡಿನಲ್ಲಿ ಹೆಚ್ಚು ಹೊಸತನ ಅದರಲ್ಲಿದೆ. ಸ್ವೋರ್ಡ್ ಅನ್ನು ಲಿಬೆರೊಗಾಗಿಯೇ ಕೊಳ್ಳಬೇಕೆಂದು ನನಗೆ ಅನ್ನಿಸಲಿಲ್ಲ. ಸೆಕೆಂಡ್ ಹ್ಯಾಂಡ್ ಸ್ಕಾರ್ಲೆಟ್ ಕೊಳ್ಳುವವರು ಒಳಗೆ ತಂಡವಿದೆ ಎಂದು ಯಾರು ಹೇಳಿದರೂ ನಂಬದೆ, ಆ 500 ರೂಪಾಯಿ ಉಳಿಸಿಕೊಳ್ಳಲಿ.

ಡ್ರಾಗೊನೈಟ್‌ಗೆ ನಾರ್ಮಲ್ ಟೆರಾ ಬಂದು ಎರಡು ತಿಂಗಳಾಯಿತು. ಅದನ್ನು ಕಂಡ ದಿನವೇ ಅಳಿಯ ತನ್ನ ತಂಡಕ್ಕೆ ಗೋಸ್ಟ್ ಟೈಪಿನ ಇನ್ನೊಂದು ಪ್ರಾಣಿಯನ್ನು ಸೇರಿಸಿದ, ಏಕೆಂದರೆ ಗೋಸ್ಟ್‌ಗೆ ಎಕ್ಸ್‌ಟ್ರೀಮ್ ಸ್ಪೀಡ್ ತಾಗುವುದಿಲ್ಲ. ಅದಕ್ಕೆ ಉತ್ತರವಾಗಿ ನನ್ನ ಇನ್ನೊಂದು ಪ್ರಾಣಿಯನ್ನು ಡಾರ್ಕ್ ಟೆರಾಗೆ ತಿರುಗಿಸಲು ಹೊರಟಿದ್ದೇನೆ. ನಿನ್ನೆ ಡೊಂಬಿವಲಿಯಲ್ಲಿ ಇಳಿಯುವಾಗ ಚೀಲದಲ್ಲಿ 41 ಡಾರ್ಕ್ ತುಣುಕುಗಳಿದ್ದವು. ಭಾನುವಾರಕ್ಕೆ ಇನ್ನು ಮೂರು ಸಂಜೆ ಉಳಿದಿವೆ, ಮತ್ತು ಇವತ್ತಿನ ಭೂಪಟದಲ್ಲಿ ಹೊಳೆಯುತ್ತಿರುವುದೆಲ್ಲ ಬಗ್ ಹರಳುಗಳೇ.